ಸರ್ವೀಸಿಗೆ ಬಂದಾಗ ತಯಾರಿಸುವ ಸಾಫ್ಟ್‌ವೇರ್ ಪಟ್ಟಿಯ ಬಗ್ಗೆ ನಮ್ಮ ಗ್ರಾಹಕರಿಗೆ

ಚಿಕ್ಕಮಗಳೂರು

ಮಾನ್ಯ ಗ್ರಾಹಕರೇ, ನಮಸ್ಕಾರ.

ನಮ್ಮಲ್ಲಿ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಸಿರುವವರ ಕಂಪ್ಯೂಟರುಗಳಲ್ಲಿ ಇನ್ನು ಮುಂದೆ ಸರ್ವೀಸಿಗೆ ಬಂದಾಗ ಒಂದು ಸಣ್ಣ ಸ್ಕ್ರಿಪ್ಟ್ (ಆಜ್ಞೆಗಳ ಚಿಕ್ಕ ಫೈಲು) ಓಡಿಸುತ್ತೇವೆ. ಯಾವ ಯಾವ ಸಾಫ್ಟ್‌ವೇರ್ ಹಾಕಿದೆ ಎಂಬ ಪಟ್ಟಿಯನ್ನು ಅದು ತೆಗೆದುಕೊಡುತ್ತದೆ. ಇಲ್ಲಿಯವರೆಗೆ ನಮ್ಮ ಹುಡುಗರು ಪರದೆ ನೋಡಿ ಜಾಬ್ ಶೀಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪದ್ಧತಿ ನಿಲ್ಲಿಸುತ್ತಿದ್ದೇವೆ.

ಮಳೆಗಾಲದಲ್ಲಿ ಸಿಡಿಲು ಬಡಿದು ಹಾರ್ಡ್ ಡಿಸ್ಕ್ ಹೋದಾಗ ಮೂಡಿಗೆರೆ, ಆಲ್ದೂರು ಕಡೆಯ ಎಸ್ಟೇಟ್ ಆಫೀಸುಗಳಿಂದ ಬರುವ ಮಾತು ಒಂದೇ: ‘ಮೊದಲು ಹೇಗಿತ್ತೋ ಹಾಗೇ ಮಾಡ್ಕೊಡಿ ಮಾರಾಯ್ರೆ.’ ಏನೇನಿತ್ತು ಅಂತ ಕೇಳಿದರೆ ಟ್ಯಾಲಿ, ನುಡಿ, ಪ್ರಿಂಟರ್, ಅಲ್ಲಿಗೆ ನಿಲ್ಲುತ್ತದೆ. ಡಿಜಿಟಲ್ ಸಹಿ ಟೋಕನ್ನಿನ ಡ್ರೈವರ್ ನೆನಪಾಗುವುದು ಜಿಎಸ್‌ಟಿ ರಿಟರ್ನಿನ ಕಡೇ ದಿನ. ಇದರ ಜೊತೆಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರಕ್ಕೆ ಹೋಗುವವರ ಕೈಯಲ್ಲಿ ಹಳೆಯದರ ಪಟ್ಟಿ ಇರಲೇಬೇಕು.

ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ ಹಾಕಿದಾಗ ಅದರ ಹೆಸರು, ಆವೃತ್ತಿ, ತಯಾರಕರ ವಿವರ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತ) ‘ಅನ್‌ಇನ್‌ಸ್ಟಾಲ್’ ಎಂಬ ಜಾಗದಲ್ಲಿ ದಾಖಲಾಗುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಸಾಫ್ಟ್‌ವೇರುಗಳ ದಾಖಲೆ ಬೇರೆ ಕಡೆ ಇರುತ್ತದೆ. ಒಬ್ಬರು ತಮ್ಮ ಲಾಗಿನ್‌ಗಷ್ಟೇ ಹಾಕಿಕೊಂಡದ್ದು ಇನ್ನೊಂದು ಕಡೆ. ಸ್ಕ್ರಿಪ್ಟ್ ಮೂರನ್ನೂ ಓದುತ್ತದೆ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆ್ಯಪ್‌ಗಳು ಅಲ್ಲಿ ಸಿಗುವುದಿಲ್ಲವಾದ್ದರಿಂದ ಪವರ್‌ಶೆಲ್‌ನ (ಆಜ್ಞೆ ಟೈಪ್ ಮಾಡುವ ವಿಂಡೋಸ್ ಸಲಕರಣೆ) ಬೇರೊಂದು ಆಜ್ಞೆ ಬೇಕು. ಇದೆಲ್ಲ ಓದುವ ಕೆಲಸ ಮಾತ್ರ, ಯಾವುದನ್ನೂ ಬದಲಿಸುವುದಿಲ್ಲ.

ಕಂಪ್ಯೂಟರ್ ಬಲ್ಲ ಕೆಲವು ಗ್ರಾಹಕರು ‘ವಿಂಡೋಸ್ ಒಳಗೇ ಇರುವ ವಿನ್32_ಪ್ರಾಡಕ್ಟ್ ಅಂತ ಒಂದೇ ಸಾಲು ಹೊಡೆದರೆ ಬರುತ್ತಲ್ಲ’ ಎಂದು ಕೇಳಿದ್ದಾರೆ. ಬರುತ್ತದೆ, ಆದರೆ ಎಂಎಸ್‌ಐ (ವಿಂಡೋಸ್‌ನ ಒಂದು ಬಗೆಯ ಇನ್‌ಸ್ಟಾಲ್ ಫೈಲು) ಪ್ಯಾಕೇಜಾಗಿ ಹಾಕಿದ್ದು ಮಾತ್ರ. ಸಾಲದ್ದಕ್ಕೆ, ಹಾಗೆ ಕೇಳಿದ ಕೂಡಲೇ ವಿಂಡೋಸ್ ಪ್ರತಿಯೊಂದು ಪ್ಯಾಕೇಜೂ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಹೊರಡುತ್ತದೆ, ಕೆಲವನ್ನು ತಾನಾಗಿಯೇ ರಿಪೇರಿಗೂ ಎತ್ತಿಕೊಳ್ಳುತ್ತದೆ. ಮನೆಯವರ ಹೆಸರು ಕೇಳಲು ಬಂದವನು ಹೆಂಚು ಬಿಚ್ಚಿ ನೋಡಿದ ಹಾಗೆ. ಬಿಲ್ಲಿಂಗ್ ನಡೆಯುತ್ತಿರುವ ಯಂತ್ರದಲ್ಲಿ ನಾವು ಆ ಸಾಹಸ ಮಾಡುವುದಿಲ್ಲ. ಉಬುಂಟು ಇಟ್ಟುಕೊಂಡಿರುವ ಕೆಲವರಿಗೆ ಈ ತಾಪತ್ರಯವೇ ಇಲ್ಲ. ಅಲ್ಲಿ ಹಾಕಿದ ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿ, ಸ್ನ್ಯಾಪ್ ಎರಡನ್ನೂ ಕೇಳಿದರೆ ಸಾಕು, ಬಂದ ಪಟ್ಟಿಯಿಂದ ಲೈಬ್ರರಿಗಳ (ಬೇರೆ ಪ್ರೋಗ್ರಾಂಗಳು ಬಳಸುವ ಪೂರಕ ಭಾಗಗಳ) ಹೆಸರುಗಳನ್ನು ಜಾಲಾಡಿ ಬಿಡುವುದಷ್ಟೇ ಕೆಲಸ.

ನಿಮ್ಮಿಂದ ಒಂದೆರಡು ಸಹಾಯ ಬೇಕು. ಒಂದೇ ಯಂತ್ರದಲ್ಲಿ ಮಾಲೀಕರಿಗೂ ರೈಟರಿಗೂ (ಎಸ್ಟೇಟಿನ ಗುಮಾಸ್ತರಿಗೂ) ಬೇರೆ ಬೇರೆ ಲಾಗಿನ್ ಇದ್ದರೆ ಇಬ್ಬರೂ ಆ ಹೊತ್ತಿಗೆ ಸಿಗುವಂತಿರಲಿ. ಸ್ಕ್ರಿಪ್ಟನ್ನು ಎರಡರಲ್ಲೂ ಓಡಿಸಬೇಕಾಗುತ್ತದೆ. ಪೆನ್‌ಡ್ರೈವಿನಿಂದ ಫೋಲ್ಡರ್ ಸಮೇತ ನಕಲು ಮಾಡಿಕೊಂಡು ಬಳಸುವ ಹಳೇ ಲೆಕ್ಕದ ಪ್ರೋಗ್ರಾಂಗಳು ಸ್ಕ್ರಿಪ್ಟ್ ಓದುವ ಯಾವ ದಾಖಲೆಯಲ್ಲೂ ಇರುವುದಿಲ್ಲ. ಬಿಡಿಯಾಗಿ ಹಾಕಿಕೊಂಡ ಕನ್ನಡ ಫಾಂಟುಗಳೂ ಅಷ್ಟೇ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಮೊದಲಿನ ಪತ್ರಗಳು, ಕರಾರುಗಳು ಆ ಫಾಂಟ್ ಇಲ್ಲದಿದ್ದರೆ ತೆರೆದರೂ ಓದಲಾಗುವುದಿಲ್ಲ. ಇಂಥವನ್ನು ಬಾಯಿಬಿಟ್ಟು ಹೇಳಿ, ಪಟ್ಟಿಯ ಕೆಳಗೆ ಕೈಯಲ್ಲೇ ಸೇರಿಸುತ್ತೇವೆ.

ಪಟ್ಟಿ ಉದ್ದವಿರುತ್ತದೆ. ‘ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಎಂಬ ಹೆಸರು 2008, 2010, 2013 ಎಂದು ಬೇರೆ ಬೇರೆ ಇಸವಿ ಹಚ್ಚಿಕೊಂಡು ಮತ್ತೆ ಮತ್ತೆ ಕಾಣಬಹುದು. ಒಂದೇ ಸಾಕಲ್ಲ ಎಂದು ದಯವಿಟ್ಟು ಉಳಿದದ್ದನ್ನು ಕಿತ್ತುಹಾಕಬೇಡಿ. ಬೇರೆ ಸಾಫ್ಟ್‌ವೇರುಗಳು ಅವುಗಳ ಮೇಲೆಯೇ ನಿಂತಿರುತ್ತವೆ.

ನಿಮ್ಮ ಫೈಲು, ಲೆಕ್ಕ, ಪಾಸ್‌ವರ್ಡುಗಳನ್ನು ಇದು ಮುಟ್ಟುವುದಿಲ್ಲ. ಲೈಸೆನ್ಸ್ ಕೀಯನ್ನೂ ತೆಗೆಯುವುದಿಲ್ಲ, ಆದ್ದರಿಂದ ಸಾಫ್ಟ್‌ವೇರ್ ಕೊಂಡ ಬಿಲ್ಲು ನಿಮ್ಮ ಹತ್ತಿರವೇ ಜೋಪಾನವಾಗಿರಲಿ. ಪಟ್ಟಿಯ ಪ್ರಿಂಟ್ ನಿಮಗೆ; ನಮ್ಮ ಬಳಿ ಪ್ರತಿ ಇಡುವುದು ನೀವು ಜಾಬ್ ಶೀಟಿನಲ್ಲಿ ಒಪ್ಪಿ ಸಹಿ ಮಾಡಿದರೆ ಮಾತ್ರ. ಕೆಲವರಿಗೆ ಒಳಗೊಳಗೇ ಅಳುಕಿರಬಹುದು, ಅದಕ್ಕೇ ಹೇಳಿಬಿಡುತ್ತೇವೆ: ಪಟ್ಟಿ ನೋಡಿ ಯಾರ ಮೇಲೂ ದೂರು ಹೇಳಲು ಹೋಗುವುದಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ಕ್ರ್ಯಾಕ್ ಮಾಡಿದ್ದನ್ನು ಹೊಸ ಯಂತ್ರಕ್ಕೆ ನಾವು ಹಾಕಿಕೊಡುವುದೂ ಇಲ್ಲ.

ನಿಮ್ಮ ಮುಂದಿನ ಸರ್ವೀಸ್ ಸರದಿಯಿಂದಲೇ ಇದು ಜಾರಿಗೆ ಬರುತ್ತದೆ, ಬೇರೆ ಶುಲ್ಕವಿಲ್ಲ. ಬೇಡ ಎನ್ನುವವರು ಬಂದ ಹುಡುಗನಿಗೆ ಹೇಳಿದರೆ ಸಾಕು.

ಇತಿ ತಮ್ಮ ವಿಶ್ವಾಸಿಗಳು,
ಸರ್ವೀಸ್ ವಿಭಾಗ