ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಪ್ರೀತಿಯ ಗೆಳೆಯನಿಗೆ,

ಕ್ರಿಸ್ತನಲ್ಲಿ ವಂದನೆಗಳು. ನಿನ್ನ ಪತ್ರ ತಲುಪಿತು. ಮನೆ ಸಾಲದ ಕಂತು, ಅಮ್ಮನ ಕಾಯಿಲೆ, ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಎಲ್ಲವೂ ಸೇರಿ, ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀಯೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಕೊನೆಯ ಸಾಲು: ‘ವಿಶ್ವಾಸವಿದ್ದವನಿಗೆ ಇಷ್ಟೊಂದು ಚಿಂತೆ ಯಾಕೆ ಬರಬೇಕು?’ ಈ ಅಪರಾಧಭಾವವನ್ನು ನೀನು ಮೊದಲು ಕೆಳಗಿಳಿಸಬೇಕು.

ಬೈಬಲಿನ ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದು. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವನ್ನು ಕಂಡ ಪ್ರವಾದಿ ಎಲೀಯನು, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಅಡವಿಗೆ ಓಡಿಹೋಗಿ, ಜಾಲಿ ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲಿ ಎಂದು ಬೇಡಿಕೊಳ್ಳುತ್ತಾನೆ. ದೇವದೂತನು ಅವನನ್ನು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದನು. ಎಲೀಯನು ತಿಂದು, ಕುಡಿದು, ಮತ್ತೆ ಮಲಗಿದನು. ದೂತನು ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ಮಾತನಾಡಿದ್ದು ಇಷ್ಟೆಲ್ಲ ಆದ ಮೇಲೆ. (ನಮ್ಮ ಪ್ರಸಂಗಗಳಲ್ಲಿ ರೊಟ್ಟಿಯನ್ನು ದಾಟಿ ನೇರವಾಗಿ ಹೋರೇಬಿಗೆ ಹೋಗಿಬಿಡುವುದೇ ಹೆಚ್ಚು.) ಆದ್ದರಿಂದ ರಾತ್ರಿಯ ಊಟ ಬಿಟ್ಟು ಉಪವಾಸ ಪ್ರಾರ್ಥನೆ ಮಾಡುತ್ತೇನೆ ಎಂಬ ನಿನ್ನ ಯೋಚನೆಯನ್ನು ಸದ್ಯಕ್ಕೆ ಬದಿಗಿಡು.

ಆಫೀಸಿನಲ್ಲಿ ಕಲಿಸುತ್ತಿರುವ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ, ನಮ್ಮ ನಂಬಿಕೆಗೆ ಒಪ್ಪುತ್ತದೆಯೇ ಎಂದು ಕೇಳಿದ್ದೀಯೆ. ಅದರ ಬೇರು ಬೌದ್ಧ ಧ್ಯಾನದಲ್ಲಿದೆ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಶಾಲೆಯೊಂದರಲ್ಲಿ ಅದನ್ನು ರೋಗಿಗಳಿಗಾಗಿ ಎಂಟು ವಾರಗಳ ಅಭ್ಯಾಸವಾಗಿ ರೂಪಿಸಿದರು. ಇದನ್ನು ಮುಚ್ಚಿಡಬೇಕಾಗಿಲ್ಲ, ಇದಕ್ಕೆ ಹೆದರಬೇಕಾಗಿಯೂ ಇಲ್ಲ. ಈ ಕ್ಷಣದಲ್ಲಿ ಮನಸ್ಸಿಟ್ಟು ಇರುವುದು ಕ್ರೈಸ್ತ ಸಭೆಗೆ ಹೊಸದಲ್ಲ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್, ಪಾತ್ರೆಗಳ ನಡುವೆಯೇ ದೇವರ ಸನ್ನಿಧಿಯಲ್ಲಿ ನಿಲ್ಲುವುದನ್ನು ರೂಢಿಸಿಕೊಂಡಿದ್ದರು. ನನಗೆ ಕಾಣುವ ವ್ಯತ್ಯಾಸ ಒಂದೇ: ಮೈಂಡ್‌ಫುಲ್‌ನೆಸ್‌ನಲ್ಲಿ ಬಂದ ಯೋಚನೆಯನ್ನು ಗಮನಿಸಿ ಹೋಗಲು ಬಿಡುತ್ತಾರೆ, ನಾವು ಅದನ್ನು ಗಮನಿಸಿ, ಹೆಸರಿಟ್ಟು, ದೇವರ ಕೈಗೆ ಒಪ್ಪಿಸುತ್ತೇವೆ. ಅಪೊಸ್ತಲ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದದ್ದೂ ಬರಿದೇ ಚಿಂತಿಸಬೇಡಿರಿ ಎಂದಲ್ಲ. ಬೇಕಾದದ್ದನ್ನು ಕೃತಜ್ಞತೆಯೊಡನೆ ದೇವರಿಗೆ ತಿಳಿಸಿರಿ ಎಂದು.

ನಿದ್ದೆ ಬಾರದಾಗ ಹೀಗೆ ಮಾಡು. ಫೋನನ್ನು ಮುಟ್ಟಬೇಡ. ಎದ್ದು ಕುಳಿತು, ಉಸಿರನ್ನು ಒಳಗೆ ಎಳೆಯುವಾಗ ‘ಯೆಹೋವನು ನನಗೆ ಕುರುಬನು’ ಎಂದೂ, ಬಿಡುವಾಗ ‘ಕೊರತೆಪಡೆನು’ ಎಂದೂ ಮನಸ್ಸಿನಲ್ಲೇ ಹೇಳಿಕೊ. ಎರಡನೆಯ ಮಾತನ್ನು ಎಳೆದೆಳೆದು ಹೇಳು, ಏಕೆಂದರೆ ಉಸಿರು ಹೊರಹೋಗುವ ಹೊತ್ತು ದೀರ್ಘವಾದಷ್ಟೂ ಎದೆಬಡಿತ ತಗ್ಗುತ್ತದೆ. ಮನಸ್ಸು ಮತ್ತೆ ಸಾಲದ ಕಡೆ ಓಡುತ್ತದೆ, ಓಡಲಿ; ಬೈದುಕೊಳ್ಳದೆ ವಾಕ್ಯಕ್ಕೆ ಮರಳಿ ಬಾ. ಪ್ರಾರ್ಥಿಸುವಾಗ ‘ನನ್ನ ಕಷ್ಟಗಳನ್ನೆಲ್ಲ ತೀರಿಸು’ ಎನ್ನುವುದಕ್ಕಿಂತ ‘ಐದನೇ ತಾರೀಖಿನ ಕಂತಿಗೆ ಹಣ ಸಾಲದು’ ಎಂದು ಇದ್ದದ್ದನ್ನು ಇದ್ದಂತೆ ಹೇಳು. ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು ಎಂದ ಯೇಸು, ಪಾಡೇ ಇಲ್ಲವೆಂದು ಹೇಳಲಿಲ್ಲ, ಅದಕ್ಕೊಂದು ಗಡಿಯನ್ನು ಹಾಕಿದನು. ಈ ತಿಂಗಳ ಕಂತು ಈ ತಿಂಗಳ ಪಾಡು. ಮುಂದಿನ ಹದಿನೈದು ವರ್ಷಗಳ ಕಂತುಗಳನ್ನು ಒಂದೇ ರಾತ್ರಿ ಕಟ್ಟಲು ಯಾರಿಂದಲೂ ಆಗದು.

ಇಷ್ಟಾದರೂ ನಿದ್ದೆ ಬಾರದಿದ್ದರೆ, ಎದೆ ಬಿಗಿಯುವುದು ನಿಲ್ಲದಿದ್ದರೆ, ವೈದ್ಯರ ಬಳಿ ಹೋಗು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಎಲೀಯನಂತೆ ಬದುಕೇ ಸಾಕೆನಿಸಿದರಂತೂ ಬೆಳಗಾಗುವುದನ್ನು ಕಾಯದೆ ಅಲ್ಲಿಗೂ ನನಗೂ ಫೋನ್ ಮಾಡು. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾಯಿತೆಂದು ಯಾರಾದರೂ ಅಂದರೆ, ಅವರು ಸಕ್ಕರೆ ಕಾಯಿಲೆಗೆ ಏನು ಮಾಡುತ್ತಾರೆಂದು ಕೇಳು.

ಭಾನುವಾರ ಆರಾಧನೆ ಮುಗಿದ ಮೇಲೆ ಕರೆ ಮಾಡುತ್ತೇನೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಯಾವುದೆಂದು ತಿಳಿಸು, ಆ ದಿನ ರಜೆ ಹಾಕಿ ನಾನೇ ಜೊತೆಗೆ ಹೋಗಿಬರುತ್ತೇನೆ.

ಇಂತಿ,
ನಿನ್ನ ಗೆಳೆಯ