ಮೂರು ಎಸೆತ, ಒಂದು ಟೋಪಿ

ಮೊದಲ ಮೂರು ಚಿತ್ರಗಳೂ ಗೆದ್ದ ಶಿವರಾಜ್‌ಕುಮಾರ್ ಅವರನ್ನು 'ಹ್ಯಾಟ್ರಿಕ್ ಹೀರೋ' ಎಂದು ಪ್ರೀತಿಯಿಂದ ಕರೆಯುವ, ಸತತ ಮೂರು ಚುನಾವಣೆ ಗೆದ್ದ ಶಾಸಕರಿಗೂ ಅದೇ ವಿಶೇಷಣವನ್ನು ತೊಡಿಸುವ ನಮಗೆ, ಆ ಪದದೊಳಗೆ ನಿಜವಾದ ಟೋಪಿಯೊಂದು ಇದೆಯೆಂಬುದು ಮರೆತೇಹೋಗಿದೆ.

ಆ ಟೋಪಿಯ ಊರು ಇಂಗ್ಲೆಂಡಿನ ಶೆಫೀಲ್ಡ್. 1858ರಲ್ಲಿ ಅಲ್ಲಿನ ಹೈಡ್ ಪಾರ್ಕ್ ಮೈದಾನದಲ್ಲಿ ಆಲ್ ಇಂಗ್ಲೆಂಡ್ ಇಲೆವೆನ್ ತಂಡವು ಹಾಲಮ್ ಮತ್ತು ಸ್ಟೇವ್ಲಿಯ ಇಪ್ಪತ್ತೆರಡು ಆಟಗಾರರನ್ನು ಎದುರಿಸಿತು. ಎದುರಾಳಿಗಳು ದುರ್ಬಲರಾಗಿದ್ದರೆ ಅವರ ಸಂಖ್ಯೆಯನ್ನು ಹೆಚ್ಚಿಸಿ ಸರಿದೂಗಿಸುವುದು ಆಗಿನ ರೂಢಿ. ಆ ಪಂದ್ಯದಲ್ಲಿ ಸರ್ರೆಯ ಎಚ್.ಎಚ್. ಸ್ಟೀಫನ್ಸನ್ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಪಡೆದಾಗ, ನೆರೆದವರಿಂದ ಚಂದಾ ಎತ್ತಿ, ಆ ಹಣದಲ್ಲಿ ಟೋಪಿಯೊಂದನ್ನು ಕೊಂಡು ಅವರಿಗೆ ಕೊಡಲಾಯಿತು. ಕ್ರಿಕೆಟ್ಟನ್ನೇ ಹೊಟ್ಟೆಪಾಡಿಗೆ ನಂಬಿದ್ದ ಆಟಗಾರನೊಬ್ಬನಿಗೆ ನೋಡುಗರು ತಮ್ಮ ಕಿಸೆಯಿಂದ ಕೊಟ್ಟ ಈ ಮೆಚ್ಚುಗೆಯೇ ಆ ಸಾಧನೆಗೆ ಹೆಸರಾಯಿತೆಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ. ಇದೇ ಸ್ಟೀಫನ್ಸನ್ 1861ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಕೈಗೊಂಡ ಮೊದಲ ಇಂಗ್ಲಿಷ್ ತಂಡದ ನಾಯಕರೂ ಆದರು.

ಟೆಸ್ಟ್ ಕ್ರಿಕೆಟ್ಟಿನ ಮೊದಲ ಹ್ಯಾಟ್ರಿಕ್ ಬಂದದ್ದು ಆ ಆಸ್ಟ್ರೇಲಿಯಾದಲ್ಲಿಯೇ: 1879ರ ಜನವರಿ 2ರಂದು, ಮೆಲ್ಬರ್ನಿನಲ್ಲಿ, ಇಂಗ್ಲೆಂಡ್ ವಿರುದ್ಧ ಫ್ರೆಡ್ ಸ್ಪೋಫರ್ತ್ ಅವರಿಂದ. ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ವಿಸ್ಮಯದ್ದು 1912ರ ಮೇ 28ರ ಓಲ್ಡ್ ಟ್ರಾಫರ್ಡ್ ಪಂದ್ಯದ್ದು. ಆಸ್ಟ್ರೇಲಿಯಾದ ಲೆಗ್‌ಸ್ಪಿನ್ನರ್ ಜಿಮ್ಮಿ ಮ್ಯಾಥ್ಯೂಸ್ ಅಂದು ಒಂದೇ ದಿನ ದಕ್ಷಿಣ ಆಫ್ರಿಕಾದ ಎರಡೂ ಇನಿಂಗ್ಸ್‌ಗಳಲ್ಲಿ ಹ್ಯಾಟ್ರಿಕ್ ಗಳಿಸಿದರು. ಬೌಲ್ಡ್, ಎಲ್‌ಬಿಡಬ್ಲ್ಯು ಇಲ್ಲವೇ ತಾವೇ ಹಿಡಿದ ಕ್ಯಾಚು, ಹೀಗೆ ಆರರಲ್ಲಿ ಒಂದಕ್ಕೂ ಬೇರೆ ಫೀಲ್ಡರ್‌ನ ನೆರವಿರಲಿಲ್ಲ. ಆ ಪಂದ್ಯದಲ್ಲಿ ಅವರಿಗೆ ದಕ್ಕಿದ್ದೂ ಆ ಆರು ವಿಕೆಟ್ಟುಗಳು ಮಾತ್ರ. ಎರಡು ಸಲವೂ ಮೂರನೆಯ ಬಲಿಯಾದವರು ತಮ್ಮ ಚೊಚ್ಚಲ ಟೆಸ್ಟ್ ಆಡುತ್ತಿದ್ದ ಟಾಮಿ ವಾರ್ಡ್, ಎರಡು ಸಲವೂ ಮೊದಲ ಎಸೆತಕ್ಕೇ. ಆ ಯುವಕನ ಸಂಕಟವನ್ನು ನೆನೆಯದೆ ಮ್ಯಾಥ್ಯೂಸರನ್ನು ಹೊಗಳುವುದು ನನಗೆ ಸಾಧ್ಯವಾಗುವುದಿಲ್ಲ.

ಭಾರತಕ್ಕೆ ಈ ಗೌರವ ತಡವಾಗಿ ಒಲಿಯಿತು. 1987ರ ವಿಶ್ವಕಪ್ಪಿನಲ್ಲಿ ಚೇತನ್ ಶರ್ಮಾ ನಾಗಪುರದಲ್ಲಿ ನ್ಯೂಜಿಲೆಂಡಿನ ಮೂವರನ್ನೂ ಬೌಲ್ಡ್ ಮಾಡಿದರು. ಟೆಸ್ಟಿನಲ್ಲಿ ಮಾತ್ರ 2001ರಲ್ಲಿ ಹರ್ಭಜನ್ ಸಿಂಗ್ ಬರುವವರೆಗೆ ಕಾಯಬೇಕಾಯಿತು. 619 ಟೆಸ್ಟ್ ವಿಕೆಟ್ ಪಡೆದ ನಮ್ಮ ಅನಿಲ್ ಕುಂಬ್ಳೆ ಅವರಿಗೂ ಟೆಸ್ಟ್ ಹ್ಯಾಟ್ರಿಕ್ ದಕ್ಕಲಿಲ್ಲವೆಂದರೆ ಅದೆಷ್ಟು ಅಪರೂಪವೆಂದು ತಿಳಿದೀತು.

ಆ ಕೊರತೆಯನ್ನು ದೇಶೀಯ ಕ್ರಿಕೆಟ್ಟಿನಲ್ಲಿ ತುಂಬಿಕೊಟ್ಟವರು ಕರ್ನಾಟಕದ ವೇಗಿ ಅಭಿಮನ್ಯು ಮಿಥುನ್. 2009ರಲ್ಲಿ ರಣಜಿ ಪದಾರ್ಪಣೆಯ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆದಿದ್ದ ಅವರು, 2019ರ ಅಕ್ಟೋಬರಿನಲ್ಲಿ ತಮ್ಮ ಹುಟ್ಟುಹಬ್ಬದಂದೇ, ಬೆಂಗಳೂರಿನಲ್ಲಿ, ವಿಜಯ್ ಹಜಾರೆ ಏಕದಿನ ಟೂರ್ನಿಯ ಫೈನಲ್ಲಿನಲ್ಲಿ ಇನ್ನೊಂದನ್ನು ಪಡೆದರು. ಮರುತಿಂಗಳು ಸೈಯದ್ ಮುಷ್ತಾಕ್ ಅಲಿ ಟಿ20 ಟೂರ್ನಿಯ ಸೆಮಿಫೈನಲ್ಲಿನಲ್ಲಿ ಹರಿಯಾಣದ ಐವರನ್ನು ಒಂದೇ ಓವರಿನಲ್ಲಿ ಔಟ್ ಮಾಡಿದರು.