ಶಸ್ತ್ರಕ್ರಿಯೆಗೆ ಮುನ್ನ ನೋಡಿ ಹೇಳಿದವರಿಗೆ

ಗದಗದಲ್ಲಿ ಮುದ್ರಣಾಲಯ ನಡೆಸುವ ನನ್ನ ತಮ್ಮನ ಮಿದುಳಿನಲ್ಲಿದ್ದ ಗಡ್ಡೆಯನ್ನು ಹುಬ್ಬಳ್ಳಿಯಲ್ಲಿ ಪೂರ್ತಿಯಾಗಿ ತೆಗೆದಿದ್ದಾರೆ. ಆ ಬಳಿಕದ ಎಂಆರ್‌ಐಯಲ್ಲಿ ಅದರ ಉಳಿಕೆ ಕಂಡುಬಂದಿಲ್ಲ. ಬಂಧುಗಳೂ ಬೆಟಗೇರಿಯ ಗೆಳೆಯರೂ ಫೋನ್ ಮಾಡಿ ವಿಚಾರಿಸುತ್ತಲೇ ಇರುವುದರಿಂದ ಎಲ್ಲರಿಗೂ ಒಟ್ಟಿಗೇ ತಿಳಿಸಲು, ಉಪಕಾರ ಮಾಡಿದವರನ್ನು ನೆನೆಯಲು ಇದನ್ನು ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸಕರಿಗೆ ಎಲ್ಲರೂ ಕೈಮುಗಿಯುತ್ತಾರೆ, ನಾವೂ ಮುಗಿದಿದ್ದೇವೆ. ಆದರೆ ಈ ಬರಹದ ಹೆಚ್ಚಿನ ಪಾಲು, ರೋಗಿಯ ಕಣ್ಣಿಗೇ ಬೀಳದೆ ಅರೆಗತ್ತಲ ಕೋಣೆಯಲ್ಲಿ ಕುಳಿತು ಚಿತ್ರ ಓದುವ ರೇಡಿಯಾಲಜಿಸ್ಟ್ ಅವರಿಗೆ ಸಲ್ಲಬೇಕು. ತಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ.

ಮೊದಲ ಋಣ ಗದಗದ ಕಣ್ಣಿನ ವೈದ್ಯರದು. ಬೆಳಿಗ್ಗೆ ಎದ್ದೊಡನೆ ತಲೆನೋವು, ಒಮ್ಮೊಮ್ಮೆ ವಾಂತಿ, ಪ್ರೂಫ್ ತಿದ್ದುವಾಗ ಅಕ್ಷರಗಳು ಮಸುಕಾಗುವುದು, ಇಷ್ಟನ್ನೂ ಕನ್ನಡಕದ ಲೆಕ್ಕಕ್ಕೆ ಹಾಕಿ ನನ್ನ ತಮ್ಮ ಅವರ ಬಳಿಗೆ ಹೋಗಿದ್ದ. ಅವರು ಕಣ್ಣಿನ ಹಿಂಭಾಗವನ್ನು ನೋಡಿ, ದೃಷ್ಟಿನರ ಹೊರಡುವ ಜಾಗ ಬಾತಿದೆ, ತಲೆಯೊಳಗಿನ ಒತ್ತಡ ಹೆಚ್ಚಿರಬಹುದು ಎಂದು ಹೇಳಿ ಅಂದೇ ಸಿಟಿ ಸ್ಕ್ಯಾನಿಗೆ ಕಳುಹಿಸಿದರು. ಮಿದುಳಿನ ನಡುವೆ ದ್ರವ ತುಂಬಿರುವ ವೆಂಟ್ರಿಕಲ್ ಎಂಬ ಕುಹರದೊಳಗೆ, ಅಲ್ಲಲ್ಲಿ ಸುಣ್ಣ ಕಟ್ಟಿದ ಗಡ್ಡೆಯೊಂದು ಬೆಳೆದು ದ್ರವ ಹರಿಯುವ ದಾರಿಯನ್ನು ಮುಚ್ಚಿತ್ತು. ಅದೇ ಸಂಜೆ ಹುಬ್ಬಳ್ಳಿಗೆ ಹೊರಟೆವು.

ಗಡ್ಡೆ ಅಂದರೆ ಕ್ಯಾನ್ಸರೇ ಎಂದು ಮನೆಯಲ್ಲಿ ಅಳು ಶುರುವಾಗಿತ್ತು. ಆ ಜಾಗದಲ್ಲಿ ಬೆಳೆಯಬಲ್ಲ ಗಡ್ಡೆಗಳಲ್ಲಿ ಹಲವು ಜಾತಿಗಳಿವೆ, ಒಂದೊಂದರ ಚಿಕಿತ್ಸೆಯೂ ಬೇರೆ ಎಂಬುದು ನಮಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ. ಮಿದುಳಿನ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಆಗಿದ್ದರೆ ದೊಡ್ಡ ಆಪರೇಷನ್ನಿನಿಂದ ಪ್ರಯೋಜನ ಕಡಿಮೆ. ಚೂರು ತೆಗೆದು ಪರೀಕ್ಷಿಸಿ ಕಿಮೊಥೆರಪಿಗೆ ಹೋಗುತ್ತಾರೆ. ಬಾವು ಇಳಿಸಲೆಂದು ಮೊದಲೇ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಅಂಥ ಗಡ್ಡೆ ತಾತ್ಕಾಲಿಕವಾಗಿ ಕರಗಿ, ತೆಗೆದ ಚೂರಿನಲ್ಲಿ ರೋಗದ ಗುರುತೇ ಸಿಗದೆ ಹೋಗಬಹುದು. ನಮ್ಮ ದೇಶದಲ್ಲಂತೂ ಕ್ಷಯದ ಗಂಟು ಕೂಡ ಗಡ್ಡೆಯ ವೇಷದಲ್ಲಿ ಬರುತ್ತದೆ, ಅದಕ್ಕೆ ಮುಖ್ಯ ಮದ್ದು ಮಾತ್ರೆ. ಇವೆಲ್ಲವನ್ನೂ ರೇಡಿಯಾಲಜಿಸ್ಟ್ ನನಗೆ ಕುರ್ಚಿ ಕೊಟ್ಟು ಕೂರಿಸಿ ವಿವರಿಸಿದರು. ರೋಗಿಯ ಕಡೆಯವರೊಂದಿಗೆ ಅಷ್ಟು ಹೊತ್ತು ಕಳೆಯುವ ಕಟ್ಟುಪಾಡು ಅವರಿಗೇನೂ ಇರಲಿಲ್ಲ.

ತಲೆಯೊಳಗಿನ ಒತ್ತಡದಿಂದಾಗಿ ನ್ಯೂರೋಸರ್ಜನ್ ಹೆಚ್ಚು ಕಾಯುವಂತಿರಲಿಲ್ಲ; ಆದ್ದರಿಂದ ರಾತ್ರಿಯೇ ಮೂರು ಟೆಸ್ಲಾದ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ಎಂಆರ್‌ಐ ನಡೆಯಿತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಬಲವಾದ ಕ್ಷೇತ್ರವೆಂದು ಬೋರ್ಡಿನ ಮೇಲೆ ಬರೆಯುವುದು ಬೇರೆ, ಅದರೊಳಗೆ ತಮ್ಮನನ್ನು ಮಲಗಿಸುವುದು ಬೇರೆ. ಟೆಕ್ನೀಷಿಯನ್ ಹುಡುಗ ಕಿವಿಗೆ ಹತ್ತಿ ಇಟ್ಟು, ಕೈಗೆ ಒತ್ತುವ ಗುಂಡಿ ಕೊಟ್ಟು, “ಅಣ್ಣಾರ, ಸಪ್ಪಳ ಭಾಳ ಬರ್ತದ, ಅಂಜಬ್ಯಾಡ್ರಿ, ತಲಿ ಒಂದು ಅಲುಗಾಡಿಸಬ್ಯಾಡ್ರಿ” ಎಂದು ಪ್ರತಿ ಸುತ್ತಿಗೂ ಮೈಕಿನಲ್ಲಿ ಧೈರ್ಯ ಹೇಳುತ್ತಿದ್ದ. ಅವನಿಗೂ ನಮ್ಮ ವಂದನೆಗಳು.

ಚಿತ್ರದಲ್ಲಿ ಗಡ್ಡೆ ಸಾಬೂನಿನ ನೊರೆಯಂತೆ ಗುಳ್ಳೆಗುಳ್ಳೆಯಾಗಿ ಕಂಡಿತು. ಸೆಂಟ್ರಲ್ ನ್ಯೂರೋಸೈಟೋಮಾ ಎಂಬ ಅಪರೂಪದ ಗಡ್ಡೆಗೆ ಈ ರೂಪವಿರುತ್ತದೆ. 1982ರಲ್ಲಿ ಫ್ರಾನ್ಸಿನ ಹಾಸೂನ್ ಮತ್ತು ಅವರ ಸಂಗಡಿಗರು ಮೊದಲು ವಿವರಿಸಿದ ಈ ಗಡ್ಡೆ, ಮಿದುಳಿನ ಗಡ್ಡೆಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಬರುವುದು ಹೆಚ್ಚಾಗಿ ಹರೆಯದವರಿಗೆ. ಆದರೆ ರೂಪವೊಂದನ್ನೇ ನಂಬಲು ನಮ್ಮ ರೇಡಿಯಾಲಜಿಸ್ಟ್ ಒಪ್ಪಲಿಲ್ಲ. ಸ್ಪೆಕ್ಟ್ರೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಅದೇ ಯಂತ್ರ ಚಿತ್ರದ ಬದಲು ಅಂಗಾಂಶದೊಳಗಿನ ರಾಸಾಯನಿಕಗಳ ಏರಿಳಿತದ ಗೆರೆಯನ್ನು ಕೊಡುತ್ತದೆ. ಜೀವಕೋಶಗಳ ಪೊರೆ ಚುರುಕಾಗಿ ಕಟ್ಟುತ್ತಿರುವುದನ್ನು ತೋರಿಸುವ ಕೋಲಿನ್ ಏರಿತ್ತು. ಜೊತೆಗೆ ಗೆರೆಯ ಅಳತೆಪಟ್ಟಿಯಲ್ಲಿ 3.55ರ ಗುರುತಿನ ಬಳಿ ಇನ್ನೊಂದು ಶಿಖರವಿತ್ತು. ಅದು ನ್ಯೂರೋಸೈಟೋಮಾದಲ್ಲಿ ಕಾಣಸಿಗುವ ಗ್ಲೈಸಿನ್ ಎಂಬ ಅಮೈನೊ ಆಮ್ಲ ಆಗಿರಬಹುದು, ಅಥವಾ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಾಣುವ, ಸಕ್ಕರೆಯನ್ನು ಹೋಲುವ ಮಯೋಇನೊಸಿಟಾಲ್ ಆಗಿರಬಹುದು. ಇಲ್ಲಿಗೇ ಬಿಟ್ಟು ವರದಿ ಬರೆದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಪ್ರತಿಧ್ವನಿಯ ಸಮಯವನ್ನು, ಅಂದರೆ ಯಂತ್ರ ರೇಡಿಯೋ ತರಂಗ ಕಳುಹಿಸಿ ಅದರ ಮರುಸಂಕೇತ ಕೇಳಿಸಿಕೊಳ್ಳುವವರೆಗಿನ ಅವಧಿಯನ್ನು, ಹೆಚ್ಚಿಸಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಹಾಗೆ ಮಾಡಿದಾಗ ಮಯೋಇನೊಸಿಟಾಲ್ ಮಂಕಾಗುತ್ತದೆ, ಗ್ಲೈಸಿನ್ ಉಳಿಯುತ್ತದೆ. ಶಿಖರ ಉಳಿಯಿತು. ನನ್ನ ಪಾಲಿಗೆ ಈ ಹೆಚ್ಚಿನ ನಿಮಿಷಗಳೇ ಇಡೀ ಚಿಕಿತ್ಸೆಯ ತಿರುವು, ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳುವವರು ಎಂದುಕೊಳ್ಳಲಿ.

ಚಿತ್ರದಲ್ಲಿ ಎದ್ದು ಕಾಣುವ ಗ್ಯಾಡೋಲಿನಿಯಂ ಮದ್ದನ್ನು ಚುಚ್ಚಿ ರಕ್ತ ಹರಿಯುವ ಪ್ರಮಾಣವನ್ನು ಅಳೆದಾಗ ಗಡ್ಡೆಗೆ ರಕ್ತದ ಪೂರೈಕೆ ಹೇರಳವಾಗಿರುವುದು ತಿಳಿಯಿತು. ಈ ಗಡ್ಡೆಯ ಆಪರೇಷನ್ನಿನಲ್ಲಿ ರಕ್ತಸ್ರಾವವೇ ದೊಡ್ಡ ಆತಂಕ ಎಂದು ಸರ್ಜನ್ ಹೇಳಿ, ಮೊದಲೇ ರಕ್ತ ಹೊಂದಿಸಿಡಲು ಸೂಚಿಸಿದರು. ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಒಂದು ಫೋನಿಗೇ ರಕ್ತನಿಧಿಯ ಬಾಗಿಲಲ್ಲಿ ಸಾಲಾಗಿ ನಿಂತರು. ತರಗತಿಯಲ್ಲಿ ಹಿಂದಿನ ಬೆಂಚಿನವರೆಂದು ನಾನು ಗದರಿಸಿದ್ದವರೇ ಅದರಲ್ಲಿ ಹೆಚ್ಚು. ಮಾತು, ನೆನಪು, ಕೈಕಾಲುಗಳ ಚಲನೆಗೆ ಬೇಕಾದ ನರತಂತುಗಳು ಎಲ್ಲೆಲ್ಲಿ ಸಾಗಿವೆ ಎಂಬುದರ ಬಣ್ಣದ ನಕ್ಷೆಯನ್ನೂ ಎಂಆರ್‌ಐಯಿಂದಲೇ ತೆಗೆದು, ಯಾವ ದಾರಿಯಿಂದ ಕುಹರವನ್ನು ಹೊಕ್ಕರೆ ಹಾನಿ ಕಡಿಮೆ ಎಂಬುದನ್ನು ಸರ್ಜನ್ ಮತ್ತು ರೇಡಿಯಾಲಜಿಸ್ಟ್ ಒಂದೇ ಪರದೆಯ ಮುಂದೆ ಕೂತು ನಿರ್ಧರಿಸಿದರು.

ಇಷ್ಟಾದರೂ ವರದಿಯಲ್ಲಿ ರೇಡಿಯಾಲಜಿಸ್ಟ್ ಬರೆದದ್ದು ‘ನ್ಯೂರೋಸೈಟೋಮಾ ಇರುವ ಸಾಧ್ಯತೆ ಹೆಚ್ಚು’ ಎಂದಷ್ಟೇ, ಅದರ ಕೆಳಗೆ ಉಳಿದ ಸಾಧ್ಯತೆಗಳ ಹೆಸರು. “ನಮ್ದು ಅಂದಾಜ್ರಿ ಸರ್, ಖಾತ್ರಿ ಮಾಡೂದು ಪ್ಯಾಥಾಲಜಿಯವ್ರು” ಎಂದರು. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ಗುರುತಾದ ಸಿನಾಪ್ಟೊಫೈಸಿನ್ ಎಂಬ ಪ್ರೋಟೀನಿಗೆ ಬಣ್ಣದ ಪರೀಕ್ಷೆ ಮಾಡಿದ ಪ್ಯಾಥಾಲಜಿ ವಿಭಾಗದವರು ಅದೇ ಹೆಸರನ್ನು, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ನಾಲ್ಕು ದರ್ಜೆಗಳಲ್ಲಿ (ನಾಲ್ಕನೆಯದು ಅತಿ ಉಗ್ರ) ಎರಡನೆಯದೆಂದು, ದೃಢಪಡಿಸಿದರು. ಪೂರ್ತಿ ತೆಗೆದಿರುವುದರಿಂದ ಈಗ ವಿಕಿರಣ ಚಿಕಿತ್ಸೆ ಬೇಡ, ಆಗಾಗ ಎಂಆರ್‌ಐ ಮಾಡಿಸುತ್ತಿದ್ದರೆ ಸಾಕು ಎಂದಿದ್ದಾರೆ. ಆ ಪ್ಯಾಥಾಲಜಿಯವರ ಮುಖವನ್ನೂ ನಾವು ನೋಡಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರಗಳನ್ನು ತಾಳ್ಮೆಯಿಂದ ಹೊಂದಿಸಿಕೊಟ್ಟ ಆರೋಗ್ಯಮಿತ್ರರಿಗೆ, ಐಸಿಯು ದಾದಿಯರಿಗೆ, ಆಸ್ಪತ್ರೆಗೆ ರೊಟ್ಟಿ ಬುತ್ತಿ ತಂದುಕೊಟ್ಟ ಉಣಕಲ್ಲಿನ ಅತ್ತೆಗೆ, ರಾತ್ರಿಯಿಡೀ ಹೊರಗೆ ಕೂತಿದ್ದ ಪ್ರೆಸ್ಸಿನ ಹುಡುಗರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಇಂಥದೇ ಸಂಕಟದಲ್ಲಿರುವ ಕೆಲವರು ಫೋನಿನಲ್ಲಿ ಸಲಹೆ ಕೇಳಿದ್ದಾರೆ. ನಾನು ವೈದ್ಯನಲ್ಲ, ಹಳೆಯ ಸ್ಕ್ಯಾನಿನ ಫಿಲ್ಮ್ ಮಾತ್ರವಲ್ಲದೆ ಸಿಡಿಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ ಎಂದಷ್ಟೇ ಹೇಳಬಲ್ಲೆ, ಏಕೆಂದರೆ ಪರದೆಯ ಮೇಲೆ ಹಿಗ್ಗಿಸಿ, ಹೊಸದರ ಪಕ್ಕದಲ್ಲಿಟ್ಟು ನೋಡಲು ರೇಡಿಯಾಲಜಿಸ್ಟರಿಗೆ ಬೇಕಾಗುವುದು ಅದೇ.

ಕೊನೆಯದಾಗಿ, ಲಗ್ನಪತ್ರಿಕೆಯ ಆರ್ಡರನ್ನು ಬೇರೆ ಪ್ರೆಸ್ಸಿಗೆ ಕೊಡದೆ ಕಾದ ಗಿರಾಕಿಗಳಿಗೆ ತಮ್ಮನ ಪರವಾಗಿ ವಂದನೆಗಳು. ಈ ವಾರದಿಂದ ಅವನು ಮಧ್ಯಾಹ್ನದವರೆಗೆ ಅಂಗಡಿಯಲ್ಲಿರುತ್ತಾನೆ. ಪ್ರೂಫ್ ಸಿದ್ಧವಾಗಿವೆ, ಬಂದು ನೋಡಿ ಸಹಿ ಮಾಡಬೇಕಾಗಿ ವಿನಂತಿ.